ಮನೆಯ ಗಾಜಿನ ತೊಟ್ಟಿಯಲ್ಲಿ ಮತ್ಸ್ಯಪಾಲನೆ

ಈಚಿನ ದಿನಗಳಲ್ಲಿ ನಗರ ಪಟ್ಟಣಗಳ ಮನೆಗಳಲ್ಲಿ, ನಡುಮನೆಯ ಒಂದು ಮೂಲೆಗೆ ಗಾಜಿನ ತೊಟ್ಟಿಯೊಂದನ್ನು ಇರಿಸಿ ಬಣ್ಣಬಣ್ಣದ ಮೀನುಗಳನ್ನು ಸಾಕುವ ರೂಢಿ ಬೆಳೆದು ಬಂದಿದೆ. ಮಕ್ಕಳಿಗೆ ಅದೊಂದು ಸಂತೋಷ. ವೃದ್ಧರಿಗೆ ಬೇಸರ ಕಳೆಯುವ ನೆಮ್ಮದಿಯ ನೋಟ. ಆದರೆ ಅನೇಕ ಮನೆಗಳಲ್ಲಿ ಈ ಸಂತೋಷ ಒಂದು ತಿಂಗಳೂ ಬಾಳುವುದಿಲ್ಲ. ತಂದ ಮೀನುಗಳು ದಿನಕ್ಕೊಂದರಂತೆ ಸತ್ತು ತೇಲುತ್ತವೆ. ಕೊನೆಗೆ ಬರಿದಾದ ತೊಟ್ಟಿ ಅಟ್ಟವನ್ನೇರುತ್ತದೆ.

ಇಂಥ ಸಂದರ್ಭದಲ್ಲಿ ಹಿರಿಯರೊಬ್ಬರು, "ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತನ್ನ ಮೇಲೆ ತೆಗೆದುಕೊಂಡು ಹೋಯಿತು ಬಿಡಿ" ಎಂದು ಸಮಾಧಾನ ಹೇಳುವುದುಂಟು. ಕೇಳಲು ಹಿತವಾದ ಮಾತು. ಆದರೆ ಈ ಮಾತಿನಿಂದ ಆಗುವ ಹಾನಿ ಸಣ್ಣದಲ್ಲ. ಮೀನು ಏಕೆ ಸತ್ತಿತು ಎಂಬ ಪ್ರಶ್ನೆಯೇ ಅಲ್ಲಿಗೆ ಮುಗಿದುಹೋಗುತ್ತದೆ. ಅದೇ ತೊಟ್ಟಿಗೆ ಮರುದಿನ ಮತ್ತೆ ಹತ್ತು ಮೀನುಗಳು ಬರುತ್ತವೆ, ಅವೂ ಸಾಯುತ್ತವೆ. ಶಕುನ, ಕಂಟಕಗಳ ಮಾತನ್ನು ಶರಣರು ಒಪ್ಪಿದವರಲ್ಲ. ಆದುದರಿಂದ ಈ ಸಾವಿನ ನಿಜವಾದ ಕಾರಣವನ್ನು ವಿಚಾರಿಸಿ ನೋಡುವುದು ಯೋಗ್ಯ.

ಹಿನ್ನೆಲೆ

ಮೀನುಗಳ ವಿಷಯದಲ್ಲಿ ಕುತೂಹಲ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮೀನುಗಳ ಭೇದಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಕುರಿತ ವಿವರಗಳಿವೆ. ಶೃಂಗೇರಿಯ ತುಂಗಾ ತೀರದಲ್ಲಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬಂದಿರುವುದನ್ನು ಯಾತ್ರಿಕರೆಲ್ಲರೂ ಬಲ್ಲರು.

ಗಾಜಿನ ತೊಟ್ಟಿಯ ಪದ್ಧತಿ ಮಾತ್ರ ಪಶ್ಚಿಮದಿಂದ ಬಂದುದು. 1850ರಲ್ಲಿ ಇಂಗ್ಲೆಂಡಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ನೀರಿನ ಗಿಡಗಳನ್ನೂ ಮೀನುಗಳನ್ನೂ ಒಂದೇ ಪಾತ್ರೆಯಲ್ಲಿ ಇರಿಸಿ, ಅವು ಒಂದನ್ನೊಂದು ಆಶ್ರಯಿಸಿ ಬದುಕುವುದನ್ನು ಪ್ರಕಟಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿಯೂ ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯ 1983ರಲ್ಲಿಯೂ ಆರಂಭವಾದವು.

ಕಣ್ಣಿಗೆ ಕಾಣದ ವಿಷ

ಮೀನು ತನ್ನ ದೇಹದ ಕಲ್ಮಷವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಹರಿಯುವ ಹೊಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ನಾಲ್ಕು ಗಾಜುಗಳ ನಡುವೆ ಅದು ಹೋಗುವುದೆಲ್ಲಿಗೆ? ನೀರು ಸ್ಫಟಿಕದಂತೆ ತಿಳಿಯಾಗಿ ಕಾಣುತ್ತಿರುವಾಗಲೇ ಅದರಲ್ಲಿ ವಿಷ ಏರುತ್ತಿರುತ್ತದೆ. ಕಿವಿರು ಸುಟ್ಟಂತಾಗಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತದೆ.

ಇದಕ್ಕೆ ಪ್ರಕೃತಿಯೇ ಪರಿಹಾರವನ್ನು ಇರಿಸಿದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳ ಸ್ವರೂಪವನ್ನು ಬೆಳಕಿಗೆ ತಂದನು. ನೈಟ್ರೈಟ್ ಕೂಡ ವಿಷವೇ. ಅದು ರಕ್ತದೊಡನೆ ಕೂಡಿ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಮಾತ್ರ ಅಷ್ಟು ಅಪಾಯಕರವಲ್ಲ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದುದು ನೀರು ಬದಲಿಸುವಾಗ ಹೋಗುತ್ತದೆ.

ಈ ಉಪಕಾರಿ ಜೀವಿಗಳು ಶೋಧಕದ ಸ್ಪಂಜಿನಲ್ಲಿ, ತಳದ ಕಲ್ಲುಹರಳುಗಳ ಮೇಲೆ ನೆಲೆಗೊಂಡು ಸಾಕಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನುಗಳು ಮೊದಲ ತಿಂಗಳಲ್ಲಿಯೇ ಸಾಯುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಂದು ತೊಟ್ಟಿ ತಂದು, ನಾಳೆ ಇಪ್ಪತ್ತು ಮೀನು ಬಿಟ್ಟರೆ ಅವುಗಳ ಕಲ್ಮಷವನ್ನು ಶುದ್ಧಿಗೊಳಿಸುವವರು ಅಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಆದುದರಿಂದ ತೊಟ್ಟಿಗೆ ನೀರು ತುಂಬಿ, ಶೋಧಕವನ್ನು ಎಡೆಬಿಡದೆ ನಡೆಸಿ, ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತ ಕಾಯಬೇಕು. ಬಂಧುಗಳ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅದರ ಶೋಧಕದ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರೆ ಈ ಅವಧಿ ಕಡಿಮೆಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದೂ. ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ದ್ರಾವಣದಿಂದ ನೋಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆ ಮೀನು ತರಬೇಕು. ಅದೂ ಒಮ್ಮೆಗೆ ನಾಲ್ಕೈದು ಮಾತ್ರ.

ತೊಟ್ಟಿ, ನೀರು, ಶಾಖ

ದುಂಡಗಿನ ಗಾಜಿನ ಬೋಗುಣಿ ನೋಡಲು ಅಂದ; ಮೀನಿಗೆ ಅದು ಸೆರೆಮನೆ. ನೀರು ಕಡಿಮೆ, ಗಾಳಿಗೆ ತೆರೆದ ಮೇಲ್ಮೈ ಕಡಿಮೆ, ಶೋಧಕಕ್ಕೆ ಸ್ಥಳವಿಲ್ಲ. ಮೊದಲ ಸಲ ಸಾಕುವವರಿಗೆ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಯೋಗ್ಯ. ಇದರಲ್ಲಿ ತುಂಬಿದರೆ 54 ಲೀಟರ್ ನೀರು ಹಿಡಿಯುತ್ತದೆ. ಹರಳು, ಗಾಜು ಸೇರಿ ತೂಕ 60 ಕಿಲೋ ದಾಟುವುದರಿಂದ ಸಮತಟ್ಟಾದ ಗಟ್ಟಿ ಪೀಠ ಅವಶ್ಯಕ. ಬಿಸಿಲು ನೇರವಾಗಿ ಬೀಳುವಲ್ಲಿ ಇರಿಸಿದರೆ ಪಾಚಿ ಕಟ್ಟುತ್ತದೆ, ನೀರೂ ಕಾಯುತ್ತದೆ.

ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಉಪಕಾರಿ ಜೀವಿಗಳಿಗೂ ಮಾರಕ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣದ ಕೆಲವು ಹನಿ ಸಾಕು. ವಾರಕ್ಕೊಮ್ಮೆ ಒಂದು ಬಕೆಟ್, ಎಂದರೆ ಸುಮಾರು 12 ಲೀಟರ್ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ಸೇರಿಸಬೇಕು. ಹಬ್ಬಕ್ಕೆ ಪಾತ್ರೆ ಬೆಳಗಿದಂತೆ ಇಡೀ ತೊಟ್ಟಿಯನ್ನು ಬರಿದು ಮಾಡಿ ಉಜ್ಜಿ ತೊಳೆಯುವುದು ತಪ್ಪು. ಆರು ವಾರ ಬೆಳೆದ ಜೀವಿಗಳು ಅರ್ಧ ಗಂಟೆಯಲ್ಲಿ ನಾಶವಾಗುತ್ತವೆ. ಸ್ಪಂಜನ್ನು ಕೂಡ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ತೊಟ್ಟಿಯ ಹತ್ತಿರ ಸೋಪು ಸುಳಿಯಬಾರದು.

ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ಬೆಂಗಳೂರು, ಬೆಳಗಾವಿಗಳ ಚಳಿಗಾಲದಲ್ಲಿ 50ರಿಂದ 75 ವ್ಯಾಟಿನ, ತಾನೇ ಆರಿ ಹೊತ್ತುವ ಹೀಟರ್ ಬೇಕಾಗುತ್ತದೆ. ನೀರಿಗೆ ಕೈಹಾಕುವ ಮೊದಲು ಅದರ ವಿದ್ಯುತ್ತನ್ನು ತಪ್ಪದೆ ಕಡಿಯಬೇಕು. ಕಲಬುರಗಿ, ರಾಯಚೂರುಗಳ ಬೇಸಗೆಯ ಕಷ್ಟ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ ಸುಮಾರು ಏಳೂವರೆಗೆ ಇಳಿಯುತ್ತದೆ. ಆಗ ತೊಟ್ಟಿಯ ಮುಚ್ಚಳಕ್ಕೆ ಬದಲಾಗಿ ಜಾಲರಿ ಹಾಕಿ, ಫ್ಯಾನಿನ ಗಾಳಿ ಮೇಲ್ಮೈಗೆ ಬೀಸುವಂತೆ ಮಾಡಿ, ಗಾಳಿಯ ಪಂಪನ್ನು ಜೋರಾಗಿ ನಡೆಸಬೇಕು. ಕರೆಂಟು ಬಹಳ ಹೊತ್ತು ಹೋದರೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತುಂಬಿ ಎತ್ತರದಿಂದ ಆಗಾಗ ಸುರಿಯುವುದು ಉಪಾಯ. ಆ ಹೊತ್ತಿನಲ್ಲಿ ಆಹಾರ ಹಾಕಬಾರದು. ಸೊಳ್ಳೆ, ಜಿರಲೆಗಳಿಗೆ ಸಿಂಪಡಿಸುವ ಔಷಧಿ ಮೀನಿಗೆ ಘೋರ ವಿಷ. ಗಾಳಿಯ ಪಂಪು ಅದನ್ನು ಎಳೆದು ನೀರಿಗೇ ಊದುತ್ತದೆಂಬುದನ್ನು ತಾಯಂದಿರು ನೆನಪಿನಲ್ಲಿಡಬೇಕು.

ಯಾವ ಮೀನು?

ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ನೀರಿಗೆ ಹೊಂದುವ ಮೀನನ್ನು ಆರಿಸುವುದು ಸುಲಭ. ಕೊಳವೆಬಾವಿಯ ಗಡಸು ನೀರಿರುವ ಮನೆಗೆ ಗಪ್ಪಿ, ಮಾಲಿ, ಪ್ಲಾಟಿಗಳು ಒಪ್ಪುತ್ತವೆ. ಇವು ಮೊಟ್ಟೆಯಿಡದೆ ಮರಿಹಾಕುವ ಜಾತಿಗಳು; ಮಕ್ಕಳಿಗೆ ಇದೊಂದು ವಿಸ್ಮಯ. ಮೃದು ನೀರಿರುವಲ್ಲಿ ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾ ಚೆನ್ನ. ಅದು ಗುಂಪುಜೀವಿಯಾದುದರಿಂದ ಆರಕ್ಕಿಂತ ಕಡಿಮೆ ಸಾಕಬಾರದು. ನಮ್ಮ ದೇಶದ್ದೇ ಆದ ಜೀಬ್ರಾ ಮೀನು ಬಹಳ ಗಟ್ಟಿ. ಥಾಯ್ಲೆಂಡ್ ಮೂಲದ ಫೈಟರ್ ಮೀನು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು; ಆದರೆ ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡಿ ಸಾಯುತ್ತವೆ.

ಅಂಗಡಿಯಲ್ಲಿ ಬೆರಳುದ್ದವಿರುವುದು ಹಾಗೆಯೇ ಉಳಿಯುವುದಿಲ್ಲ. 'ಶಾರ್ಕ್' ಎಂದು ಮಾರುವ ಪಂಗಾಸಿಯಸ್ ಮೀನು ಬೆಳೆದರೆ ಒಂದು ಮೀಟರನ್ನೂ ಮೀರುತ್ತದೆ. ಆಸ್ಕರ್ 30 ಸೆಂಟಿಮೀಟರಿಗೆ ಬೆಳೆಯುತ್ತದೆ. ಗೋಲ್ಡ್‌ಫಿಶ್ ತಂಪು ನೀರಿನದು. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಈ ಮೀನನ್ನು ಬೋಗುಣಿಯಲ್ಲಿ ಒಂದೇ ವಾರದಲ್ಲಿ ಕೊಲ್ಲುತ್ತೇವೆ. ಗಾಜಿನಂತಹ ಮೀನುಗಳಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವುದೂ ಉಂಟು. ಅವನ್ನು ಕೊಳ್ಳದಿರುವುದೇ ಧರ್ಮ.

ಪಶ್ಚಿಮಘಟ್ಟದ ಹೊಳೆಗಳ ಕೆಂಪು ಪಟ್ಟೆಯ 'ಮಿಸ್ ಕೇರಳ' ಮೀನಿನ ಕಥೆ ಎಚ್ಚರಿಕೆಯಾಗಲಿ. ಕೇರಳ ಮತ್ತು ದಕ್ಷಿಣ ಕರ್ನಾಟಕಗಳಲ್ಲಿ ಮಾತ್ರ ಇರುವ ಇದನ್ನು ಅಲಂಕಾರಕ್ಕೆಂದು ಹೊಳೆಗಳಿಂದ ಹಿಡಿದು ರಫ್ತು ಮಾಡಿದುದರ ಫಲವಾಗಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. 2008ರಲ್ಲಿ ಕೇರಳ ಸರಕಾರ ಅದರ ಸಂಗ್ರಹಕ್ಕೆ ನಿರ್ಬಂಧ ಹಾಕಬೇಕಾಯಿತು. ಕೊಳ್ಳುವಾಗ, ಇದು ಸಾಕಿ ಮರಿಮಾಡಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳುವುದು ಒಳ್ಳೆಯದು.

ಸಸ್ಯಾಹಾರಿ ಮನೆಯ ಪ್ರಶ್ನೆ

ಮೀನಿನ ಆಹಾರವೆಂದು ಮಾರುವ ಪುಡಿ, ಗುಳಿಗೆಗಳಲ್ಲಿ ಹೆಚ್ಚಿನವು ಮೀನಿನ ಹಿಟ್ಟಿನಿಂದಲೇ ಆದವು. ಇದನ್ನು ತಿಳಿಯದೆ ತಂದು, ಬಳಿಕ ಅರಿತು ನೊಂದುಕೊಳ್ಳುವ ಮನೆಗಳಿವೆ. ಮೊದಲೇ ವಿಚಾರ ಮಾಡುವುದು ಲೇಸು. ಮಾಂಸಾಹಾರವೇ ಸ್ವಭಾವವಾದ ಆಸ್ಕರ್, ಅರೋವಾನಾಗಳನ್ನು ತಂದು ಸೊಪ್ಪು ತಿನ್ನಿಸಹೊರಡುವುದು ಆ ಜೀವಕ್ಕೆ ಹಿಂಸೆ. ನಮ್ಮ ನಿಯಮವನ್ನು ಅದರ ಮೇಲೆ ಹೇರುವಂತಿಲ್ಲ. ಮಾಲಿ, ಪ್ಲಾಟಿ, ಗಪ್ಪಿಗಳು ಪಾಚಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಸ್ಪಿರುಲಿನಾ ಪಾಚಿ ಪ್ರಧಾನವಾದ ಆಹಾರ, ಬೇಯಿಸಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ, ಸೌತೆಯ ಹೋಳು ಇವುಗಳಿಗೆ ಹಿತ. ಸ್ಪಿರುಲಿನಾ ಎಂದು ಬರೆದಿದ್ದರೂ ಪೊಟ್ಟಣದ ಮೇಲಿನ ವಿವರವನ್ನು ಓದಿಯೇ ಕೊಳ್ಳಬೇಕು. ಅಷ್ಟರಿಂದಲೂ ಮನಸ್ಸು ಒಪ್ಪದಿದ್ದರೆ ಮೀನು ಸಾಕದಿರುವುದೂ ಒಂದು ಗೌರವದ ನಿರ್ಧಾರವೇ.

ಆಹಾರ ಯಾವುದೇ ಇರಲಿ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದೆರಡು ಬಾರಿ ಹಾಕಿದರೆ ಸಾಕು. ಬಂದವರೆಲ್ಲ ಪ್ರೀತಿಯಿಂದ ಹಾಕುವ ಹಿಡಿ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಬೆಳೆದ ಮೀನಿಗೆ ವಾರದಲ್ಲಿ ಒಂದು ದಿನದ ಉಪವಾಸ ಕೇಡಲ್ಲ.

ರೋಗ

ಹೊಸ ಮೀನನ್ನು ಎರಡು ವಾರ ಬೇರೆ ಪಾತ್ರೆಯಲ್ಲಿರಿಸಿ ನೋಡಿ ಸೇರಿಸಿದರೆ ಅರ್ಧ ರೋಗಗಳು ಬಾರವು. ಮೈಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿ ಚುಕ್ಕೆಗಳೆದ್ದರೆ ಅದು ಒಂದು ಪರೋಪಜೀವಿಯ ಕೆಲಸ. ಚುಕ್ಕೆ ಬಲಿತು ಉದುರಿ ತಳದಲ್ಲಿ ಒಡೆದು, ನೂರಾರು ಮರಿಗಳು ಈಜಿ ಬಂದು ಮತ್ತೆ ಮೀನನ್ನು ಹಿಡಿಯುತ್ತವೆ. ಔಷಧಿ ತಾಗುವುದು ಹೀಗೆ ಈಜಾಡುವ ಹಂತದಲ್ಲಿ ಮಾತ್ರ. ಚುಕ್ಕೆ ಮರೆಯಾಯಿತೆಂದು ಔಷಧಿ ನಿಲ್ಲಿಸಿದರೆ ರೋಗ ಮರಳುವುದು ಅದರಿಂದಲೇ. ಸೂಚಿಸಿದ ಅವಧಿ ಪೂರ್ತಿ ಮಾಡಬೇಕು.

ಕೆರೆಗೆ ಬಿಡುವುದು ಪುಣ್ಯವಲ್ಲ

ಸಾಕಲಾರದೆ ಹೋದಾಗ, "ಪಾಪ, ಬದುಕಿಕೊಳ್ಳಲಿ" ಎಂದು ಮೀನನ್ನು ಕೆರೆಗೋ ಹೊಳೆಗೋ ಬಿಡುವವರುಂಟು. ಉದ್ದೇಶ ದಯೆ, ಫಲ ಕ್ರೌರ್ಯ. ಗಾಜನ್ನು ನೆಕ್ಕಿ ಶುಚಿಮಾಡುವುದೆಂದು ತರುವ, ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ನಮ್ಮ ದೇಶದ ಅನೇಕ ಕೆರೆ ನದಿಗಳಲ್ಲಿ ನೆಲೆಯೂರಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿಯೂ ಅದು ಸಿಕ್ಕಿತು. ಕವಚದಂತಹ ಮೈಯಿಂದ ಬಲೆ ಹರಿಯುತ್ತದೆ, ದಡದಲ್ಲಿ ಬಿಲ ಕೊರೆಯುತ್ತದೆ, ಸ್ಥಳೀಯ ಮೀನುಗಳ ಆಹಾರವನ್ನು ಕಸಿಯುತ್ತದೆ. ಒಂದು ಜೀವಕ್ಕೆ ತೋರಿದ ಕನಿಕರ ಕೆರೆಯ ಸಾವಿರ ಜೀವಗಳಿಗೆ ಎರವಾಗುತ್ತದೆ. ಸಾಕಲಾಗದ ಮೀನನ್ನು ಬೇರೆ ಸಾಕುವವರಿಗೆ ಕೊಡಬೇಕು, ಇಲ್ಲವೆ ಅಂಗಡಿಗೆ ಮರಳಿಸಬೇಕು.

ನಾಯಿ ಬೊಗಳುತ್ತದೆ, ಹಸು ಅಂಬಾ ಎನ್ನುತ್ತದೆ; ಮೀನು ತನ್ನ ನೋವನ್ನು ಹೇಳಲಾರದು. ಅದು ಅರಣ್ಯವನ್ನಾಗಲಿ ಹೊಳೆಯನ್ನಾಗಲಿ ಬಿಟ್ಟು ನಮ್ಮ ಮನೆಗೆ ತಾನಾಗಿ ಬಂದುದಲ್ಲ, ನಾವು ತಂದುದು. ಅದರ ಗಾಳಿ, ನೀರು, ಅನ್ನ ಎಲ್ಲವೂ ನಮ್ಮ ಕೈಯಲ್ಲಿವೆ. ಆ ಹೊಣೆಯನ್ನು ಅರಿತು, ತೊಟ್ಟಿಯ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ, ಹಿರಿಯರು ಪಕ್ಕದಲ್ಲಿ ನಿಂತು ನಡೆಸಿದರೆ ಜೀವದಯೆಯ ಪಾಠ ಬೇರೆ ಬೋಧಿಸಬೇಕಾಗಿಲ್ಲ. ಮೀನೊಂದು ಸತ್ತರೆ ಕಂಟಕ ಹೋಯಿತೆನ್ನದೆ, ಮೊದಲು ನೀರನ್ನು ಪರೀಕ್ಷಿಸೋಣ.