ಎಕ್ಸ್‌ರೇ ವರದಿ ಓದುವ ಗಣಕ

ಕೊಲ್ಹಾಪುರದ ಶಿರೋಳಿ, ಗೋಕುಳ ಶಿರಗಾವ ಕೈಗಾರಿಕಾ ವಸಾಹತುಗಳಲ್ಲಿ ಫೌಂಡ್ರಿಗಳು ಬಹಳ. ಅದೇ ಜಿಲ್ಲೆಯ ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಇಂದಿಗೂ ಊರು ನಡೆಯುವುದು ನೇಯ್ಗೆಯ ಮೇಲೆ. ಎರಕದ ಮರಳಿನಿಂದ ಏಳುವ ಸಿಲಿಕಾ ಧೂಳು ಒಂದೆಡೆ, ಹತ್ತಿಯ ಧೂಳು ಇನ್ನೊಂದೆಡೆ. ಕೆಮ್ಮು, ದಮ್ಮು ಹೆಚ್ಚಾದಾಗ ಕೆಲಸಗಾರರು ಎದೆಯ ಎಕ್ಸ್‌ರೇ ತೆಗೆಸುತ್ತಾರೆ. ಗಡಿಭಾಗದ ಗಡಹಿಂಗ್ಲಜ ಸೀಮೆಯವರು ಕೊಲ್ಹಾಪುರಕ್ಕೂ ಹೋಗುತ್ತಾರೆ, ಬೆಳಗಾವಿಗೂ ಬರುತ್ತಾರೆ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಕೈಗೆ ಬರುವ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ.

ಇಂಥ ವರದಿಗಳನ್ನು ಒಟ್ಟಿಗೆ ಓದಿದರೆ ಒಂದು ಸೀಮೆಯ ಆರೋಗ್ಯದ ಚಿತ್ರ ಸಿಗುತ್ತದೆ. ಆದರೆ ಲಕ್ಷಗಟ್ಟಲೆ ಹಾಳೆಗಳನ್ನು ಕೂತು ಓದುವವರು ಯಾರು? ಆ ಕೆಲಸವನ್ನು ಗಣಕಕ್ಕೆ ಕಲಿಸುವ ವಿದ್ಯೆಯೇ ಸಹಜ ಭಾಷಾ ಸಂಸ್ಕರಣೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾರೊಲ್ ಫ್ರೀಡ್‌ಮನ್ ತಂಡ 1990ರ ದಶಕದಲ್ಲಿ ರೂಪಿಸಿದ ಮೆಡ್‌ಲೀ ಎಂಬ ತಂತ್ರಾಂಶ ಮೊದಲು ಓದಿದ್ದು ಎದೆಯ ಎಕ್ಸ್‌ರೇ ವರದಿಗಳನ್ನೇ.

ಓದುವುದೇನೂ ಸುಲಭವಲ್ಲ. 'ನೋ ಎವಿಡೆನ್ಸ್ ಆಫ್ ಪ್ಲೂರಲ್ ಎಫ್ಯೂಷನ್' ಎಂದರೆ ಶ್ವಾಸಕೋಶದ ಸುತ್ತ ನೀರು ತುಂಬಿಲ್ಲ ಎಂದು. ಬರೀ 'ಎಫ್ಯೂಷನ್' ಪದ ಹುಡುಕುವ ಗಣಕ ಈ ಆರೋಗ್ಯವಂತನನ್ನೂ ರೋಗಿಗಳ ಲೆಕ್ಕಕ್ಕೆ ಸೇರಿಸುತ್ತದೆ. ವೆಂಡಿ ಚಾಪ್ಮನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ನೆಗ್‌ಎಕ್ಸ್ ಎಂಬ ವಿಧಾನ ಇದಕ್ಕೊಂದು ಸರಳ ದಾರಿ ತೋರಿತು: ನಿಷೇಧದ ಪದ ಕಂಡರೆ ಅದರ ಆಸುಪಾಸಿನ ಐದು ಪದಗಳೊಳಗೆ ಬರುವ ರೋಗವನ್ನು 'ಇಲ್ಲ' ಎಂದು ಎಣಿಸು. ಆದರೆ 'ನೋ ಚೇಂಜ್ ಇನ್ ಎಫ್ಯೂಷನ್' ಎಂದಿದ್ದರೆ? ನೀರು ಇದೆ, ಹಿಂದಿನಷ್ಟೇ ಇದೆ. ಇಂಥ ಮೋಸಗೊಳಿಸುವ ಮಾತುಗಳಿಗೆಂದೇ ಬೇರೆ ಪಟ್ಟಿ ಇಡಬೇಕಾಯಿತು. ಇಂದಿನ ದೊಡ್ಡ ಭಾಷಾ ಮಾದರಿಗಳು ಇಡೀ ವಾಕ್ಯವನ್ನು, ಅದರ ಹಿಂದುಮುಂದನ್ನೂ ನೋಡುತ್ತವೆ. ಆದರೂ ಅವುಗಳ ಓದನ್ನು ತಜ್ಞರು ಪರೀಕ್ಷಿಸಲೇಬೇಕು.

ಏಕೆಂದರೆ ತಪ್ಪು ಬೆಳೆಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ 1,12,120 ಎದೆಯ ಎಕ್ಸ್‌ರೇಗಳನ್ನು ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಯಾವ ಚಿತ್ರದಲ್ಲಿ ಯಾವ ರೋಗ ಎಂಬ ಗುರುತನ್ನು ವರದಿ ಓದಿದ ಗಣಕವೇ ಹಾಕಿತ್ತು. ಆಸ್ಟ್ರೇಲಿಯಾದ ವಿಕಿರಣ ತಜ್ಞ ಲೂಕ್ ಓಕ್ಡನ್-ರೇನರ್ ಚಿತ್ರಗಳನ್ನೇ ತೆರೆದು ನೋಡಿ, ಹಲವು ಗುರುತುಗಳು ಚಿತ್ರಕ್ಕೆ ಹೊಂದುವುದಿಲ್ಲ ಎಂದು ತೋರಿಸಿದರು. ಅದೇ ಗುರುತುಗಳನ್ನು ನಂಬಿ ಚಿತ್ರ ನೋಡಲು ಕಲಿತ ಯಂತ್ರ ತಪ್ಪನ್ನೂ ಕಲಿಯುತ್ತದೆ.

ಕೊಲ್ಹಾಪುರ ಸೀಮೆಯಲ್ಲಿ ಈ ವಿದ್ಯೆ ಬಳಸುವುದಾದರೆ ನನಗೆ ಮುಖ್ಯವೆನಿಸುವುದು ಬೇರೆಯೇ ಕೊರತೆ. ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್‌ನ ಸಣ್ಣ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುತ್ತವೆ. ಕ್ಷಯದ ಕಲೆಗಳೂ ಹೆಚ್ಚಾಗಿ ಅಲ್ಲೇ. ಒಂದನ್ನು ಇನ್ನೊಂದೆಂದು ಬಗೆಯುವುದು ಹಳೆಯ ತೊಡಕು, ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಹತ್ತಿಧೂಳಿನ ಬಿಸಿನೋಸಿಸ್‌ನಲ್ಲಂತೂ ಎಕ್ಸ್‌ರೇ ಬಹುಪಾಲು ಸರಿಯಾಗಿಯೇ ಇರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದೇ ಅದರ ಸುಳಿವು. ಎರಡರಲ್ಲೂ ದಾರಿ ತೋರಿಸುವುದು ರೋಗಿಯ ಕಸುಬು. ಎಕ್ಸ್‌ರೇಗೆ ಬರೆದ ಚೀಟಿಯಲ್ಲಿ 'ಕೆಮ್ಮು, ಎರಡು ತಿಂಗಳು' ಎಂದಷ್ಟೇ ಇದ್ದರೆ ಎಷ್ಟು ಜಾಣ ಗಣಕವೂ ಆ ಮನುಷ್ಯ ಮರಳಿನ ನಡುವೆ ದುಡಿದದ್ದನ್ನು ತಿಳಿಯಲಾರದು.

ಎರಡೂ ರೋಗಗಳು ಕಾನೂನಿನ ಪಟ್ಟಿಯಲ್ಲಿವೆ. ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕು. ಹಾಗಾಗಿ ಎಕ್ಸ್‌ರೇ ಚೀಟಿ ಬರೆಸುವಾಗ ಯಾವ ಕೆಲಸ, ಎಷ್ಟು ವರ್ಷ ಎಂಬುದನ್ನು ನೀವಾಗಿಯೇ ಹೇಳಿ, ಬರೆಸಿಕೊಳ್ಳಿ.