ನಿಮಗಿದು ಗೊತ್ತೆ? ಉಬ್ಬಸಕ್ಕೆ ನೀಲಿ ಇನ್‌ಹೇಲರ್

● ಬೆಂಗಳೂರಿನ ಮಕ್ಕಳಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ಡಾ. ಎಚ್. ಪರಮೇಶ್ ಅವರ ಅಧ್ಯಯನ ತೋರಿಸಿತು.

● ನೀಲಿ ಇನ್‌ಹೇಲರ್‌ನಲ್ಲಿರುವ, ತಕ್ಷಣದ ಉಪಶಮನಕ್ಕೆ ಬಳಸುವ ಸಾಲ್ಬುಟಮಾಲ್ ಬ್ರಿಟನ್‌ನಲ್ಲಿ 1969ರಲ್ಲಿ ಮಾರುಕಟ್ಟೆಗೆ ಬಂತು. ಬಿಗಿದ ಶ್ವಾಸನಾಳವನ್ನು ಸುಮಾರು 5 ನಿಮಿಷದಲ್ಲಿ ಸಡಿಲಿಸುತ್ತದೆ. ಪರಿಣಾಮ 4ರಿಂದ 6 ಗಂಟೆ.

● ಇನ್‌ಹೇಲರ್ ಕುಲುಕಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಬಳಸಿ.

● ಸಾಲ್ಬುಟಮಾಲ್ ಶ್ವಾಸನಾಳದ ಉರಿಯೂತ ಇಳಿಸದು. ಹಾಗಾಗಿ ಹದಿಹರೆಯದವರು, ವಯಸ್ಕರು ಇದೊಂದನ್ನೇ ನೆಚ್ಚಬಾರದು, ಸ್ಟೀರಾಯ್ಡ್ ಇನ್‌ಹೇಲರ್ ಬೇಕೇ ಬೇಕು ಎಂದು ಆಸ್ತಮಾ ಚಿಕಿತ್ಸೆಯ ಜಾಗತಿಕ ‘ಜಿನಾ’ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

● ಪಫ್ ತೆಗೆದುಕೊಂಡರೂ ಮಾತಾಡಲಾಗದಷ್ಟು ಏದುಸಿರೇ? ತಡಮಾಡದೆ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲೂ ಗಡಿಯಾಚೆ ಆಂಧ್ರದಲ್ಲೂ ಅದೇ ಸಂಖ್ಯೆ.