ಹಾಪ್ಸ್: ತಳಿಯ ಹೆಸರು, ಕುದಿಯ ಹೊತ್ತು

2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಟೊಯಿಟ್ ಎಂಬ ಬಿಯರ್ ಪಬ್ ಶುರುವಾಯಿತು. ಅಲ್ಲಿಂದಾಚೆಗೆ ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳು ಊರಿನ ದಕ್ಷಿಣಕ್ಕೂ ಹಬ್ಬಿದವು, ಜೆ.ಪಿ. ನಗರದ ಬ್ರೂಸ್ಕಿ ಅಂಥದ್ದೊಂದು. ಇಂಥ ಕಡೆ ಮೆನುವಿನಲ್ಲಿ ಸಾಜ್, ಕ್ಯಾಸ್ಕೇಡ್, ಸಿಟ್ರಾ ಎಂದು ಹಾಪ್ಸ್ ತಳಿಗಳ ಹೆಸರೂ ಕಾಣಿಸುವುದುಂಟು. ಗಾಂಜಾ ಕುಟುಂಬಕ್ಕೇ ಸೇರಿದ ಬಳ್ಳಿಯೊಂದರ ಹೆಣ್ಣು ಹೂವೇ ಈ ಹಾಪ್ಸ್ (ಅಮಲಿಗೆ ಮಾತ್ರ ಅದು ಹೊಣೆಯಲ್ಲ). ಹೂವಿನೊಳಗಿನ ಹಳದಿ ಪುಡಿಯ ಅಂಟು ಕಹಿ ಕೊಟ್ಟರೆ, ತೈಲ ಘಮ ಕೊಡುತ್ತದೆ. ಕಹಿಗೆ ಮೂಲವಾದ ಆಲ್ಫಾ ಆಮ್ಲ ಚೆಕ್ ನಾಡಿನ ಸಾಜ್‌ನಲ್ಲಿ ಶೇ 3–4ರಷ್ಟು, 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್‌ನಲ್ಲಿ ಶೇ 5–7ರಷ್ಟು, ಸಿಟ್ರಾದಲ್ಲಿ ಶೇ 11–13ರಷ್ಟು. ಹಾಗಾದರೆ ಸಾಜ್ ಬಿಯರಿಗಿಂತ ಸಿಟ್ರಾ ಬಿಯರ್ ಮೂರು ಪಟ್ಟು ಕಹಿಯೇ? ಅಲ್ಲ. ಆ ಆಮ್ಲ ಮಾಲ್ಟ್‌ನ ಸಿಹಿರಸದಲ್ಲಿ ಕುದಿದು ರೂಪ ಬದಲಿಸಿದ ಮೇಲಷ್ಟೇ ಚೆನ್ನಾಗಿ ಕರಗಿ ಕಹಿಯಾಗುತ್ತದೆ. ಗಂಟೆಗಟ್ಟಲೆ ಕುದಿಸಿದರೆ ಕಹಿ ಬರುತ್ತದೆ, ಘಮ ಆವಿಯಾಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವ ಹಾಗೆ ಸಿಟ್ರಾವನ್ನು ಕೊನೆಗೆ ಹಾಕಿದರೆ ನಿಂಬೆ, ಮಾವಿನ ಘಮವೇ ಮುಂದಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕಹಿ ಇಳಿಯುವುದೂ ನಿಧಾನ. ಕರಾವಳಿ ಊರೊಂದರ ಅಳತೆಯನ್ನು ಗ್ರಾಂ ತಪ್ಪದೆ ಅನುಸರಿಸಿದರೂ ಅದೇ ಬಿಯರ್ ಬಾರದು. ತಳಿಯ ಹೆಸರಿಗಿಂತ ಅದು ಹಂಡೆಗೆ ಬಿದ್ದ ಹೊತ್ತು ಹೆಚ್ಚು ಮುಖ್ಯ ಎನ್ನುವುದು ಇದಕ್ಕೇ.

ಇಲ್ಲಿನವರು ಹೆಚ್ಚಾಗಿ ಕೇಳುವುದು ವೀಟ್ ಬಿಯರ್. ಅದರ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟ್‌ನದು, ಹಾಪ್ಸ್ ಚರ್ಚೆಯೇ ದಂಡ ಎನ್ನುವವರಿದ್ದಾರೆ. ಮಾತು ಅರ್ಧ ನಿಜ. ಆದರೆ ಆ ಬಿಯರಿಗೂ ಚೂರು ಕಹಿ ಬೇಕು, ಇಲ್ಲದಿದ್ದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿಗೆ ಸಾಜ್‌ನಂಥ ಸೌಮ್ಯ ತಳಿಯೇ ಸರಿ. ಕೊನೆಗೆ ಸಿಟ್ರಾ ಸುರಿದರೆ ಯೀಸ್ಟ್‌ನ ಘಮ ಅಡಗಿಹೋಗುತ್ತದೆ. ಮೆಣಸಿನ ಬಳ್ಳಿ ಹಬ್ಬುವ ಕೊಡಗಿನಲ್ಲಿ ಹಾಪ್ಸ್ ಅನ್ನೂ ಬೆಳೆಯಬಾರದೇ ಎಂಬುದು ಇನ್ನೊಂದು ಪ್ರಶ್ನೆ. ಹಾಪ್ಸ್ ಬೇಸಿಗೆಯ ದೀರ್ಘ ಹಗಲನ್ನು ನೆಚ್ಚಿದ ಬೆಳೆ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಭಾರತದಲ್ಲಿ ಅದು ಬೆಳೆದದ್ದು ಹಿಮಾಚಲದ ಲಾಹೌಲ್‌ನಂಥ ಉತ್ತರದ ಕಣಿವೆಗಳಲ್ಲಿ. ಹೀಗಾಗಿ ಬ್ರೂವರಿಗಳು ನೆಚ್ಚುವುದು ಹೊರಗಿನಿಂದ ಗುಳಿಗೆಯಾಗಿ ಬರುವ ಹಾಪ್ಸ್ ಅನ್ನು. ಗಾಳಿ, ಬಿಸಿ ತಾಗಿದರೆ ಅದರ ತೈಲ ಕೆಡುತ್ತದೆ. ಹಳತಾದರೆ ಚೀಸ್‌ನ ಕಮಟು. ಮೆನುವಿನಲ್ಲಿ ತಳಿಯ ಪಕ್ಕ ಕೊಯ್ಲಿನ ವರ್ಷವನ್ನೂ ಅಚ್ಚು ಹಾಕಿದರೆ ಕುಡಿಯುವವರಿಗೆ ಹೆಚ್ಚು ಉಪಯೋಗ.